‘ಏನಿಲ್ಲ’ ಅಂದ ಮೇಲೆ

‘ಚೆನ್ನಾಗಿದ್ದೀರಾ?’ ಅಂತ ಕೇಳಿದರೆ ‘ಹೂಂ, ಚೆನ್ನಾಗಿದ್ದೀನಿ’ ಅನ್ನುತ್ತಾರೆ. ‘ಏನಾಯ್ತು?’ ಅಂದರೆ ‘ಏನಿಲ್ಲ’ ಅನ್ನುತ್ತಾರೆ. ಹೌದು–ಇಲ್ಲ ಅನ್ನುವಂಥ ಪ್ರಶ್ನೆ ಮುಗಿದು ಉತ್ತರ ಶುರುವಾಗುವವರೆಗಿನ ಬಿಡುವನ್ನು 10 ಭಾಷೆಗಳಲ್ಲಿ ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸರಾಸರಿ ಬಿಡುವು ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಅಷ್ಟರಲ್ಲಿ ಯಾರೂ ತಮ್ಮೊಳಗೆ ಇಣುಕಿ ನೋಡಿ ಬಂದು ಉತ್ತರ ಹೇಳಲಾರರು. ‘ಏನಿಲ್ಲ’ ಎಂಬುದು ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುವ ಮಾತು. ಅದನ್ನು ಸುಳ್ಳು ಅನ್ನಬೇಕಿಲ್ಲ, ಉತ್ತರ ಅಂತ ಲೆಕ್ಕಕ್ಕೆ ಹಿಡಿಯಲೂ ಬೇಕಿಲ್ಲ. ಕಷ್ಟವನ್ನು ಒಳಗೇ ನುಂಗಿಕೊಂಡವರ ಜೊತೆ ಕೂತು ಕೇಳಿಸಿಕೊಳ್ಳುವ ನಮ್ಮಂಥವರ ಕೆಲಸ ಶುರುವಾಗುವುದೇ ಆ ಮಾತು ದಾಟಿದ ಮೇಲೆ. ಅದು ನಡೆಯುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇವೆ, ಎಡವುವ ಜಾಗಗಳ ಸಮೇತ.

ಮೊದಲಿಗೆ ಗಮನಿಸುವುದು. ಬಾಡಿದ ಮುಖ ಹುಡುಕಿಕೊಂಡು ಹೋದರೆ ಬಹಳ ಜನ ತಪ್ಪಿಹೋಗುತ್ತಾರೆ, ಏಕೆಂದರೆ ಮುಖವನ್ನು ಸಂಭಾಳಿಸುವುದು ಎಲ್ಲರಿಗೂ ಗೊತ್ತು. ಆ ವ್ಯಕ್ತಿ ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ ಅನ್ನುವ ವ್ಯತ್ಯಾಸ ಮಾತ್ರ ನಂಬಿಕೆಗೆ ಅರ್ಹ. ತಕ್ಷಣ ಉತ್ತರ ಬರೆಯುತ್ತಿದ್ದವರು ಮೂರು ದಿನ ಬಿಟ್ಟು ಒಂದು ಸಾಲು ಬರೆಯುವುದು, ಕೆಲಸದಲ್ಲಿ ಅಚ್ಚುಕಟ್ಟಾಗಿದ್ದವರು ಸಣ್ಣ ಸಣ್ಣ ತಪ್ಪು ಮಾಡುವುದು, ಇಷ್ಟಪಟ್ಟು ಮಾಡುತ್ತಿದ್ದ ಹಾಡು, ಆಟ, ತೋಟದ ಕೆಲಸ ಇದ್ದಕ್ಕಿದ್ದಂತೆ ನಿಲ್ಲುವುದು. ನಿದ್ದೆ ಕೆಟ್ಟದ್ದು ಕಣ್ಣಿನಲ್ಲಿ ಕಾಣುತ್ತದೆ, ಹಸಿವು ಕೆಟ್ಟದ್ದು ಬಟ್ಟೆ ಸಡಿಲವಾದಾಗ. ಸಿಡುಕುತನವನ್ನು ಮಾತ್ರ ನಾವು ಪದೇ ಪದೇ ತಪ್ಪಾಗಿ ಓದುತ್ತೇವೆ. ಮಾತುಮಾತಿಗೆ ರೇಗುವವರನ್ನು ಕಂಡರೆ ಕರುಣೆ ಹುಟ್ಟುವುದಿಲ್ಲ, ಜನ ದೂರ ಸರಿಯುತ್ತಾರೆ. ಎಷ್ಟೋ ಸಲ, ವಿಶೇಷವಾಗಿ ಗಂಡಸರಲ್ಲಿ ಮತ್ತು ಹದಿಹರೆಯದವರಲ್ಲಿ, ದುಃಖ ಹೊರಗೆ ಬರುವುದೇ ಸಿಟ್ಟಿನ ವೇಷದಲ್ಲಿ.

ಎರಡು ವಾರ ಎಂಬುದು ನೆನಪಿಡಬೇಕಾದ ಅಳತೆ. ವೈದ್ಯರು ಬಳಸುವ ಪಿಎಚ್‌ಕ್ಯೂ–2 ಎಂಬ ಕಿರು ಪ್ರಶ್ನಾವಳಿಯಲ್ಲಿರುವುದು ಎರಡೇ ಪ್ರಶ್ನೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ, ಮನಸ್ಸು ಕುಗ್ಗಿ ಬೇಸರವೋ ಹತಾಶೆಯೋ ಕಾಡಿದೆಯೇ. ಅದನ್ನು ಹಿಡಿದುಕೊಂಡು ಹೋಗಿ ಪರೀಕ್ಷೆ ನಡೆಸಿ ಅಂತ ನಾವು ಹೇಳುತ್ತಿಲ್ಲ. ಎರಡು ದಿನದ ಬೇಸರಕ್ಕೂ ಎರಡು ವಾರದ ಕುಸಿತಕ್ಕೂ ವ್ಯತ್ಯಾಸವಿದೆ, ಎರಡನೆಯದು ಕಂಡರೆ ಹೋಗಿ ಕೇಳಲು ಅಷ್ಟು ಕಾರಣ ಸಾಕು. ಏನಾಗಿದೆ ಅಂತ ಖಚಿತವಾಗುವವರೆಗೆ ಕಾಯುತ್ತ ಕೂತರೆ ಯಾರೂ ಯಾರನ್ನೂ ಕೇಳುವುದೇ ಇಲ್ಲ.

ಜಾಗದ ಆಯ್ಕೆ ಅರ್ಧ ಕೆಲಸ. ಎದುರುಬದುರು ಕುರ್ಚಿ ಹಾಕಿ ‘ಬಾ, ನಿನ್ನ ಹತ್ರ ಮಾತಾಡ್ಬೇಕು’ ಅಂದರೆ ವಿಚಾರಣೆಗೆ ಕರೆದ ಹಾಗಾಗುತ್ತದೆ. ಪಕ್ಕಪಕ್ಕದಲ್ಲಿದ್ದಾಗ ಮಾತು ಸಲೀಸು: ಜೊತೆಗೆ ನಡೆಯುವಾಗ, ಗಾಡಿಯಲ್ಲಿ ಹೋಗುವಾಗ, ಬಟ್ಟೆ ಮಡಚುವಾಗ, ಪಾತ್ರೆ ಒರೆಸುವಾಗ. ಕಣ್ಣು ಬೇರೆ ಕಡೆ ಇದ್ದರೆ ಬಾಯಿಗೆ ಧೈರ್ಯ ಬರುತ್ತದೆ, ಕೈಗೆ ಕೆಲಸವಿದ್ದರೆ ಮೌನ ಅಷ್ಟು ಭಾರ ಅನ್ನಿಸುವುದಿಲ್ಲ. ಬೇರೆಯವರ ಎದುರಿಗೆ ಕೇಳಬಾರದು, ತಮಾಷೆಯ ದನಿಯಲ್ಲಂತೂ ಬೇಡವೇ ಬೇಡ. ಅವರು ಹತ್ತು ನಿಮಿಷದಲ್ಲಿ ಇನ್ನೆಲ್ಲೋ ಮುಖ ತೋರಿಸಬೇಕಾಗಿದ್ದರೆ ಅದು ಸಮಯವಲ್ಲ, ಅತ್ತ ಕಣ್ಣು ಹೊತ್ತು ಹೋಗುವುದು ಯಾರಿಗೂ ಬೇಡ. ನಿಮ್ಮ ಕೈಯಲ್ಲೂ ಕನಿಷ್ಠ ಅರ್ಧ ಗಂಟೆ ಇರಬೇಕು. ಫೋನು ಮೇಜಿನ ಮೇಲೆ ಮಗುಚಿಟ್ಟರೆ ಸಾಲದು, ಕಣ್ಣಿಗೆ ಕಾಣದ ಕಡೆ ಇರಲಿ. ಗಡಿಯಾರ ನೋಡಿಕೊಂಡು ಕೇಳಿದ ಪ್ರಶ್ನೆಗೆ ‘ಏನಿಲ್ಲ’ ಅನ್ನುವುದೇ ಮರ್ಯಾದೆಯ ಉತ್ತರ.

ಈಗ ಮೊದಲ ವಾಕ್ಯ. ಕಂಡದ್ದನ್ನು ಹೇಳಿ, ಆಮೇಲೆ ಕೇಳುವುದು ನಮ್ಮ ರೂಢಿ. ‘ನೀನು ಯಾಕೋ ಡಲ್ಲಾಗಿದ್ದೀಯ’ ಅನ್ನುವುದು ತೀರ್ಪು, ಅದನ್ನು ಅಲ್ಲಗಳೆಯುವುದು ಸುಲಭ. ‘ಎರಡು ವಾರದಿಂದ ಆಟಕ್ಕೆ ಬರ್ತಿಲ್ಲ, ರಾತ್ರಿ ಮೂರು ಗಂಟೆಗೆ ಆನ್‌ಲೈನ್ ಇರ್ತೀಯ. ನಿದ್ದೆ ಬರ್ತಿಲ್ವಾ?’ ಅನ್ನುವುದರಲ್ಲಿ ಎರಡು ಸಂಗತಿ ಇವೆ, ಒಂದು ಸಣ್ಣ ಪ್ರಶ್ನೆ ಇದೆ. ಮನಸ್ಸಿನ ಬಗ್ಗೆ ನೇರವಾಗಿ ಕೇಳುವುದಕ್ಕಿಂತ ನಿದ್ದೆಯ ಬಗ್ಗೆ ಕೇಳಿದಾಗ ಬಾಗಿಲು ಬೇಗ ತೆರೆದುಕೊಳ್ಳುತ್ತದೆ. ನಿದ್ದೆ ಬರುತ್ತಿಲ್ಲ ಅಂತ ಒಪ್ಪಿಕೊಳ್ಳಲು ಯಾರಿಗೂ ನಾಚಿಕೆಯಿಲ್ಲ. ಹಿರಿಯರ ಜೊತೆ ದಾರಿ ಸ್ವಲ್ಪ ಬೇರೆ. ‘ಅಪ್ಪಾ, ನಿಮಗೇನು ತೊಂದರೆ?’ ಅಂದರೆ ಅವರು ಅಪ್ಪನ ಪಾತ್ರಕ್ಕೆ ಮರಳಿ ‘ನಂಗೇನಾಗಿದೆ’ ಅನ್ನುತ್ತಾರೆ. ‘ಅಪ್ಪಾ, ಈಚೆಗೆ ನೀವು ಪೇಪರ್ ಕೂಡ ಬಿಡಿಸ್ತಿಲ್ಲ. ನನಗೆ ಸ್ವಲ್ಪ ಯೋಚನೆಯಾಗಿದೆ’ ಅಂದಾಗ ಯೋಚನೆ ನಿಮ್ಮದಾಗುತ್ತದೆ. ಅದನ್ನು ಸಮಾಧಾನಪಡಿಸುವ ನೆಪದಲ್ಲಿ ಅವರು ಒಂದೆರಡು ಮಾತು ಆಡುತ್ತಾರೆ.

‘ಯಾಕೆ’ ಎಂಬ ಪದವನ್ನು ಮೊದಲ ದಿನ ಆದಷ್ಟು ದೂರ ಇಡಿ. ‘ಯಾಕೆ ಹೀಗಿದ್ದೀಯ?’ ಎಂಬುದಕ್ಕೆ ಕಾರಣ ಒದಗಿಸಬೇಕು. ಕಾರಣ ತನಗೇ ಗೊತ್ತಿಲ್ಲದವರಿಗೆ ಅದು ಇನ್ನೊಂದು ಸೋಲು. ‘ಹೇಗೆ’, ‘ಯಾವಾಗಿನಿಂದ’, ‘ಯಾವ ಹೊತ್ತಿನಲ್ಲಿ ಜಾಸ್ತಿ’ ಎಂಬ ಪ್ರಶ್ನೆಗಳಿಗೆ ಇರುವುದನ್ನು ಇದ್ದ ಹಾಗೆ ಹೇಳಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಬರುವುದು ‘ಏನಿಲ್ಲ’ವೇ. ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಪಟ್ಟು ಹಿಡಿದು ಕೆದಕುವುದು. ಇನ್ನೊಂದು, ‘ಸರಿ, ನಾನು ಕೇಳಿದ್ದಾಯ್ತು’ ಅಂತ ಕೈತೊಳೆದುಕೊಳ್ಳುವುದು. ಎರಡನೆಯದೇ ಹೆಚ್ಚು. ನಾವು ಮಾಡುವುದು ಇಷ್ಟು: ‘ಸರಿ. ಈಗ ಹೇಳ್ಬೇಕಂತಿಲ್ಲ. ಗುರುವಾರ ಸಂಜೆ ಈ ಕಡೆ ಬರ್ತೀನಿ, ಸುಮ್ನೆ ಒಂದು ಸುತ್ತು ನಡೆದು ಬರೋಣ.’ ಅಷ್ಟೇ ಹೇಳಿ ಮಾತು ಬದಲಾಯಿಸಿ, ಗುರುವಾರ ಹೋಗುವುದು. ಮಳೆ ಬಂದರೂ ಹೋಗುವುದು. ಮೊದಲ ಸಲ ಕೇಳಿದವರು ಉಪಚಾರಕ್ಕೆ ಕೇಳಿರಬಹುದು, ಆದರೆ ಹೇಳಿದ ದಿನ ಹೇಳಿದ ಹೊತ್ತಿಗೆ ಬಂದು ನಿಂತವರು ಉಪಚಾರಕ್ಕೆ ಬಂದಿಲ್ಲ ಅಂತ ಒಳಗಿರುವ ವ್ಯಕ್ತಿಗೆ ಗೊತ್ತಾಗುತ್ತದೆ. ಮಾತು ಬಿಚ್ಚಿಕೊಳ್ಳುವುದು ಎರಡನೆಯದೋ ಮೂರನೆಯದೋ ಸಲಕ್ಕೆ, ಅದೂ ಹೊರಡಲು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ. ‘ಅಂದಹಾಗೆ...’ ಅಂತ ಶುರುವಾದರೆ ಚಪ್ಪಲಿ ಬಿಚ್ಚಿ ಮತ್ತೆ ಕೂರಬೇಕು.

ಮಾತು ಶುರುವಾದ ಮೇಲೆ ನಮ್ಮ ಪಾಲಿಗೆ ಅತಿ ಕಷ್ಟದ ಘಟ್ಟ: ಸುಮ್ಮನಿರುವುದು. ಎದುರಿನವರು ನಿಲ್ಲಿಸಿದಾಗ ಮನಸ್ಸಿನಲ್ಲೇ ನಿಧಾನವಾಗಿ ಹತ್ತರವರೆಗೆ ಎಣಿಸಿ ನೋಡಿ. ನಾಲ್ಕಕ್ಕೇ ಬಾಯಿ ತುರಿಸುತ್ತದೆ. ಆರಕ್ಕೆ ಏನೋ ಅಸಭ್ಯ ನಡೆಯುತ್ತಿದೆ ಅನ್ನಿಸುತ್ತದೆ. ತಡೆದುಕೊಂಡರೆ ಏಳು–ಎಂಟರ ಹೊತ್ತಿಗೆ ಅವರೇ ಮುಂದುವರಿಸುತ್ತಾರೆ. ಹಾಗೆ ಬಂದ ಮಾತು ಅದಕ್ಕೆ ಮೊದಲಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಅಸಲಿಗೆ ಹತ್ತಿರದ್ದು. ಮೌನವನ್ನು ತುಂಬುವ ನಮ್ಮ ಅವಸರ ಬಹುಪಾಲು ನಮ್ಮ ಕಸಿವಿಸಿಗೆ ಮದ್ದು, ಅವರ ನೋವಿಗಲ್ಲ.

ಅವರ ಮಾತನ್ನೇ ಚಿಕ್ಕದು ಮಾಡಿ ವಾಪಸ್ ಹೇಳುವುದು ಇನ್ನೊಂದು ಉಪಾಯ. ‘ಮನೇಲಿ ಎಲ್ಲ ಇದ್ದಾರೆ, ಆದ್ರೂ ಒಬ್ಬನೇ ಅನ್ಸುತ್ತೆ’ ಅಂದರೆ ‘ಎಲ್ಲರ ಮಧ್ಯೆ ಇದ್ದೂ ಒಂಟಿ’ ಅನ್ನಬಹುದು. ಸರಿಯಾಗಿ ಹಿಡಿದಿದ್ದರೆ ‘ಹೌದು, ಅದೇ’ ಅಂತ ಮುಂದೆ ಸಾಗುತ್ತಾರೆ. ತಪ್ಪಿದ್ದರೆ ‘ಅಲ್ಲ, ಹಾಗಲ್ಲ’ ಅಂತ ತಿದ್ದುತ್ತಾರೆ, ಅದರಿಂದಲೂ ನಷ್ಟವಿಲ್ಲ. ಆದರೆ ಪ್ರತಿ ವಾಕ್ಯಕ್ಕೂ ಹೀಗೆ ಮಾಡಿದರೆ ಗಿಳಿಪಾಠವಾಗಿ ಕಿರಿಕಿರಿಯಾಗುತ್ತದೆ. ಐದಾರು ನಿಮಿಷಕ್ಕೊಮ್ಮೆ, ಭಾರವಾದ ಮಾತು ಬಂದಾಗ ಸಾಕು. ಉಳಿದದ್ದಕ್ಕೆ ‘ಹೂಂ’ ಇದೆಯಲ್ಲ, ಇಷ್ಟು ಕೆಲಸಕ್ಕೆ ಬರುವ ಪದ ಇನ್ನೊಂದಿಲ್ಲ.

ಬಾಯಿಗೆ ತಾನಾಗಿ ಬಂದು ಎಲ್ಲ ಕೆಡಿಸುವ ಮಾತುಗಳೂ ಇವೆ. ‘ಎಲ್ಲಾ ಸರಿಹೋಗುತ್ತೆ’ ಅಂದರೆ, ಇಲ್ಲಿಗೆ ನಿಲ್ಲಿಸು ಅಂತ ಕೇಳಿಸುತ್ತದೆ. ‘ಧೈರ್ಯವಾಗಿರು’ ಅಂದರೆ, ಇಷ್ಟು ದಿನ ಇದ್ದದ್ದು ಹೇಡಿತನ ಅಂತ. ‘ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದ್ದಾರೆ’ ಅನ್ನುವುದು ಗಾಯದ ಮೇಲೆ ಬರೆ, ಏಕೆಂದರೆ ಅವರು ಅದನ್ನೇ ತಮಗೆ ತಾವು ನೂರು ಸಲ ಹೇಳಿಕೊಂಡು ನಾಚಿಕೊಂಡಿರುತ್ತಾರೆ. ‘ನಂಗೂ ಹೀಗೇ ಆಗಿತ್ತು’ ಎಂಬುದು ಪ್ರೀತಿಯಿಂದಲೇ ಬರುತ್ತದೆ, ಆದರೆ ಎರಡು ನಿಮಿಷದಲ್ಲಿ ಅವರು ನಿಮ್ಮನ್ನು ಸಮಾಧಾನ ಮಾಡುತ್ತ ಕೂತಿರುತ್ತಾರೆ. ವ್ಯಾಯಾಮ, ಧ್ಯಾನ, ಬೇಗ ಮಲಗುವುದು ಎಲ್ಲವೂ ಒಳ್ಳೆಯದೇ. ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸವಾಗಿರುವವರಿಗೆ ಕೇಳದೆ ಕೊಟ್ಟ ಆ ಪಟ್ಟಿ ಮಾತ್ರ ಇನ್ನೊಂದು ಹೊರೆ. ಏನು ಹೇಳಲೂ ತೋಚದಿದ್ದರೆ ಅದನ್ನೇ ಹೇಳಿ: ‘ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ನೀನು ಹೇಳಿದ್ದು ಒಳ್ಳೇದಾಯ್ತು.’ ಅತ್ತರೆ ಅಳಲಿ. ಕರವಸ್ತ್ರವನ್ನು ಕೈಗೆಟಕುವ ಹಾಗೆ ಇಡಿ, ಮೂಗಿನ ಹತ್ತಿರ ಚಾಚಬೇಡಿ. ಚಾಚಿದ ಕರವಸ್ತ್ರ ‘ಸಾಕು, ಒರೆಸಿಕೋ’ ಅನ್ನುತ್ತದೆ.

ಕೇಳಿಸಿಕೊಳ್ಳುವುದಕ್ಕೆ ಪದವಿ ಬೇಕಿಲ್ಲ ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1953ರ ನವೆಂಬರಿನಲ್ಲಿ ಲಂಡನ್ನಿನ ಚರ್ಚೊಂದರ ಪಾದ್ರಿ ಚಾಡ್ ವಾರಾ, ಬದುಕು ಬೇಡವೆನಿಸಿದವರು ಕರೆ ಮಾಡಲು ಒಂದು ಟೆಲಿಫೋನ್ ಇಟ್ಟರು. ಸಲಹೆ ಕೊಡುವವರು ಅವರು, ಕಾಯುತ್ತಿರುವವರ ಜೊತೆ ಕೂರುವವರು ಸ್ವಯಂಸೇವಕರು. ಬರುಬರುತ್ತ ಅವರಿಗೊಂದು ಸಂಗತಿ ಹೊಳೆಯಿತು: ಹೊರಗೆ ಸ್ವಯಂಸೇವಕರ ಹತ್ತಿರ ಮನಸ್ಸು ಹಗುರ ಮಾಡಿಕೊಂಡ ಎಷ್ಟೋ ಜನರಿಗೆ ಒಳಗೆ ಬಂದು ಸಲಹೆ ಕೇಳುವ ಅಗತ್ಯವೇ ಉಳಿಯುತ್ತಿರಲಿಲ್ಲ. 1954ರ ಫೆಬ್ರುವರಿಯಲ್ಲಿ ಕೇಳುವ ಕೆಲಸವನ್ನು ಅವರು ಸ್ವಯಂಸೇವಕರಿಗೇ ಒಪ್ಪಿಸಿಬಿಟ್ಟರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ.

ಇನ್ನು ಎಲ್ಲರೂ ಹೆದರುವ ಪ್ರಶ್ನೆ. ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಬಗ್ಗೆ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮಲ್ಲೂ ಇತ್ತು. ನ್ಯೂಯಾರ್ಕ್ ರಾಜ್ಯದ 6 ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ಕೇಳಿಸಿಕೊಂಡ ಮಕ್ಕಳಲ್ಲಿ ಅಂಥ ಯೋಚನೆಯಾಗಲಿ ಕಳವಳವಾಗಲಿ ಕೇಳಿಸಿಕೊಳ್ಳದವರಿಗಿಂತ ಹೆಚ್ಚಾಗಿರಲಿಲ್ಲ. ಹಾಗಾಗಿ ಕೇಳುತ್ತೇವೆ. ‘ಬದುಕಿ ಏನು ಪ್ರಯೋಜನ’, ‘ನಾನಿಲ್ಲದಿದ್ರೆ ಎಲ್ರಿಗೂ ಆರಾಮು’ ಎಂಬಂಥ ಮಾತು ಬಂದಾಗ, ಇಷ್ಟದ ವಸ್ತುಗಳನ್ನು ಹಂಚುತ್ತಿರುವಾಗ, ತಿಂಗಳುಗಟ್ಟಲೆ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಗೇ ನಿರಾಳವಾದಾಗ ಖಂಡಿತ ಕೇಳುತ್ತೇವೆ.

ಕೇಳುವ ರೀತಿಯಲ್ಲಿ ಒಂದೇ ಒಂದು ಪದ ಎಲ್ಲ ಹಾಳುಮಾಡುತ್ತದೆ, ಅದು ‘ತಾನೆ’. ‘ಅಂಥದ್ದೇನೂ ಯೋಚ್ನೆ ಮಾಡ್ತಿಲ್ಲ ತಾನೆ?’ ಅಂದರೆ ‘ಇಲ್ಲ’ ಅನ್ನು ಅಂತ ನಾವೇ ಬೇಡಿಕೊಂಡ ಹಾಗೆ. ಅವರು ನಮ್ಮ ನೆಮ್ಮದಿಗಾಗಿ ‘ಇಲ್ಲ’ ಅನ್ನುತ್ತಾರೆ, ಬಾಗಿಲು ಮುಚ್ಚಿತು. ಸಮನಾದ ದನಿಯಲ್ಲಿ ಕೇಳಬೇಕಾದದ್ದು ಇದು: ‘ಇಷ್ಟು ಕಷ್ಟ ಆದಾಗ ಕೆಲವರಿಗೆ ಸತ್ತುಹೋಗೋಣ ಅನ್ನಿಸುತ್ತೆ. ನಿನಗೂ ಹಾಗೆ ಅನ್ನಿಸ್ತಿದೆಯಾ?’ ‘ಹೌದು’ ಅಂದರೆ ಬೆಚ್ಚಿಬೀಳಬೇಡಿ, ಬೈಯಬೇಡಿ, ಮನೆಯವರ ಮುಖ ನೋಡು ಅಂತ ಆಣೆ ಹಾಕಬೇಡಿ. ಹೇಳಿದ್ದಕ್ಕೆ ಒಳ್ಳೆಯದಾಯಿತು ಅನ್ನಿ. ಆಮೇಲೆ ಮೂರು ವಿಷಯ ತಿಳಿದುಕೊಳ್ಳಿ: ಹೇಗೆ ಅಂತ ಯೋಚಿಸಿದ್ದಾರಾ, ಅದಕ್ಕೆ ಬೇಕಾದದ್ದು ಕೈಗೆಟಕುವ ಹಾಗಿದೆಯಾ, ಯಾವಾಗ ಅಂತ ಮನಸ್ಸಿನಲ್ಲಿದೆಯಾ. ಈ ಮೂರಕ್ಕೂ ಹೌದು ಅಂದರೆ ಅದು ತುರ್ತು: ಒಬ್ಬರನ್ನೇ ಬಿಡಬಾರದು, ಆ ವಸ್ತು ಆ ಮನೆಯಿಂದ ಹೊರಗೆ ಹೋಗಬೇಕು, ಅವತ್ತೇ ಆಸ್ಪತ್ರೆ ಅಥವಾ ತುರ್ತು ಸೇವೆ. ಅಂಥ ತೀವ್ರ ಘಳಿಗೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಏರಿರುವಾಗ ಕೈಗೆ ಏನೂ ಸಿಗದಂತೆ ಮಾಡುವುದರಿಂದ ಜೀವ ಉಳಿಯುತ್ತದೆ.

ಗುಟ್ಟಿನ ವಿಷಯದಲ್ಲಿ ನಾವು ಕಟ್ಟುನಿಟ್ಟು. ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡು’ ಅಂದರೆ ಕೊಡುವುದಿಲ್ಲ. ‘ಊರಿಗೆಲ್ಲ ಹೇಳಲ್ಲ. ಆದ್ರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಒಬ್ಬರಿಗೆ ಹೇಳ್ತೀನಿ, ಯಾರಿಗೆ ಅಂತ ನಿನಗೆ ಮೊದಲೇ ಹೇಳಿ’ ಅನ್ನುತ್ತೇವೆ. ಮುನಿಸಿಕೊಳ್ಳಬಹುದು. ಮುನಿಸು ಆಮೇಲೆ ತಿಳಿಯಾಗುತ್ತದೆ.

ಅಷ್ಟು ತೀವ್ರವಲ್ಲದಿದ್ದರೂ ಎರಡು ವಾರ ದಾಟಿದ ಕುಸಿತಕ್ಕೆ ವೈದ್ಯರು ಬೇಕು. ‘ಡಾಕ್ಟರ್‌ಗೆ ತೋರಿಸು’ ಅಂತ ಹೇಳಿ ಬಂದರೆ ಅದು ಆಗದ ಮಾತು. ಸಂಖ್ಯೆ ಹುಡುಕುವುದು, ಕರೆ ಮಾಡುವುದು, ಸಮಯ ಗೊತ್ತುಮಾಡುವುದು, ಹೊರಡುವುದು, ಇವು ನಾಲ್ಕು ಕೆಲಸ. ಕುಗ್ಗಿದವರಿಗೆ ಮೊದಲನೆಯದೇ ಗುಡ್ಡ. ಜೊತೆಗೆ ಕೂತು ಕರೆ ಮಾಡಿ, ಜೊತೆಗೆ ಹೋಗಿ, ಹೊರಗೆ ಕಾಯಿರಿ. ಹೋಗುವ ಮೊದಲು ಒಂದು ಹಾಳೆಯಲ್ಲಿ ಅವರಿಂದಲೇ ಬರೆಸಿಡಿ: ಯಾವಾಗಿನಿಂದ, ರಾತ್ರಿ ಎಷ್ಟು ಗಂಟೆ ನಿದ್ದೆ, ಏನು ಮಾಡಲು ಆಗುತ್ತಿಲ್ಲ, ಈಗ ನುಂಗುತ್ತಿರುವ ಮಾತ್ರೆಗಳು ಯಾವುವು. ಒಳಗೆ ಹೋದಾಗ ಗಂಟಲು ಕಟ್ಟಿದರೂ ಹಾಳೆ ಮಾತಾಡುತ್ತದೆ. ಸಹಾಯವಾಣಿಯ ಸಂಖ್ಯೆ ಕೊಡುವುದಾದರೆ ಮೊದಲು ನೀವೇ ಒಮ್ಮೆ ಕರೆ ಮಾಡಿ ನೋಡಿ. ಯಾವ ಹೊತ್ತಿನಲ್ಲಿ ಎತ್ತುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅಂತ ಗೊತ್ತಿಲ್ಲದೆ ಕೊಟ್ಟ ಸಂಖ್ಯೆ ಯಾರೂ ಎತ್ತದೆ ಹೋದರೆ, ಅವರು ಎರಡನೇ ಸಲ ಪ್ರಯತ್ನಿಸುವುದಿಲ್ಲ.

ಖಿನ್ನತೆಯ ಮಾತ್ರೆ ಶುರುವಾದರೆ ಮೊದಲ ತಿಂಗಳು ಕಣ್ಣಿಟ್ಟಿರಿ. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಮಂಪರು ಇತ್ಯಾದಿ ಮೊದಲ ದಿನಗಳಲ್ಲೇ ಬರಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಅಥವಾ ಇನ್ನೂ ಹೆಚ್ಚು ಬೇಕು. ಈ ನಡುವಿನ ದಿನಗಳಲ್ಲಿ ‘ಇದ್ರಿಂದ ಏನೂ ಪ್ರಯೋಜನ ಇಲ್ಲ’ ಅಂತ ಬಿಟ್ಟುಬಿಡುತ್ತಾರೆ. ಹತ್ತನೇ ದಿನಕ್ಕೊಂದು ಕರೆ, ಇಪ್ಪತ್ತನೇ ದಿನಕ್ಕೊಂದು ಭೇಟಿ ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಚಡಪಡಿಕೆ ಹೆಚ್ಚಾದರೆ, ಸಾವಿನ ಮಾತು ಬಂದರೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಮಾತ್ರೆ ನಿಲ್ಲಿಸುವುದೂ ಅವರನ್ನು ಕೇಳಿಯೇ.

ದಿನನಿತ್ಯದ ನೆರವಿನಲ್ಲಿ ಅತ್ಯಂತ ನಿರುಪಯೋಗಿ ವಾಕ್ಯ ಯಾವುದು ಅಂದರೆ ‘ಏನಾದ್ರೂ ಬೇಕಿದ್ರೆ ಹೇಳಿ’. ಏನು ಬೇಕು ಅಂತ ಯೋಚಿಸುವ, ಯಾರನ್ನು ಕೇಳಬಹುದು ಅಂತ ಅಳೆಯುವ, ಕೇಳುವ ಮುಜುಗರ ನುಂಗುವ ಕೆಲಸವೆಲ್ಲ ಅವರ ತಲೆಗೇ ಬಂತು. ಅದರ ಬದಲು ‘ನಾಳೆ ಮಗೂನ ಸ್ಕೂಲಿಂದ ನಾನು ಕರ್ಕೊಂಡು ಬರ್ಲಾ, ಇಲ್ಲ ಬಿಲ್ ಕಟ್ಟಿ ಬರ್ಲಾ?’ ಅಂತ ಎರಡರಲ್ಲಿ ಒಂದು ಕೇಳಿ. ಬರೀ ‘ಮೊದಲನೇದು’ ಅಂದರೆ ಸಾಕಾಗುವಂಥ ಪ್ರಶ್ನೆ ಇರಬೇಕು. ನೆರವಿಗೆ ಅಂಚೂ ಇರಲಿ: ಒಂದು ಗಂಟೆ ಅಂದರೆ ಒಂದು ಗಂಟೆ, ಮುಗಿಸಿ ಹೊರಡಿ. ಎಷ್ಟು ಹೊತ್ತು ಕೂರುತ್ತಾರೋ ಅನ್ನುವ ಅಳುಕಿದ್ದರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ.

ದೂರದಲ್ಲಿರುವವರಿಗೆ ಉತ್ತರ ಬೇಡದ ಸಂದೇಶ ಒಳ್ಳೆಯದು. ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೊಟ್ಟೊ 1969ರಲ್ಲಿ ಶುರುಮಾಡಿದ ಪ್ರಯೋಗವನ್ನು ಇಲ್ಲಿ ಬಿಡಿಸಿ ಹೇಳಬೇಕು. ಖಿನ್ನತೆಗೋ ಆತ್ಮಹತ್ಯೆಯ ಯತ್ನಕ್ಕೋ ಆಸ್ಪತ್ರೆಗೆ ದಾಖಲಾಗಿ ಹೊರಬಂದ ಮೇಲೆ ಮುಂದಿನ ಚಿಕಿತ್ಸೆ ಒಲ್ಲದ 843 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಚಿಕ್ಕ ಪತ್ರ ಬರೆಯುತ್ತ ಹೋದರು. ಮೊದಲ 4 ತಿಂಗಳು ತಿಂಗಳಿಗೊಂದು, ನಂತರ 8 ತಿಂಗಳು ಎರಡು ತಿಂಗಳಿಗೊಂದು, ಆಮೇಲೆ 4 ವರ್ಷ ಮೂರು ತಿಂಗಳಿಗೊಂದು: 5 ವರ್ಷದಲ್ಲಿ 24 ಪತ್ರ. ಪತ್ರದಲ್ಲಿ ಸಲಹೆ ಇಲ್ಲ, ಪ್ರಶ್ನೆ ಇಲ್ಲ, ಚಿಕಿತ್ಸೆಗೆ ಬನ್ನಿ ಎಂಬ ಒತ್ತಾಯವಿಲ್ಲ. ನಿಮ್ಮ ನೆನಪಿದೆ, ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಅರ್ಥದ ಒಂದೆರಡು ಸಾಲು. ಪತ್ರ ಹೋದ ಗುಂಪಿನಲ್ಲಿ ಆತ್ಮಹತ್ಯೆ ಕಡಿಮೆಯಿತ್ತು, ಮೊದಲ ಎರಡು ವರ್ಷಗಳಲ್ಲಿ ಆ ಅಂತರ ಸ್ಪಷ್ಟವಾಗಿತ್ತು. ಮುಂದೆ ಬೇರೆ ಕಡೆ ನಡೆದ ಇಂಥ ಪ್ರಯೋಗಗಳ ಫಲ ಒಂದೇ ಬಗೆಯಾಗಿರಲಿಲ್ಲ, ಆದ್ದರಿಂದ ಇದನ್ನು ರಾಮಬಾಣ ಅನ್ನುವಂತಿಲ್ಲ. ನಾವು ಮಾತ್ರ ಆ ಲೆಕ್ಕವನ್ನು ಹಾಗೆಯೇ ಎತ್ತಿಕೊಂಡಿದ್ದೇವೆ. ‘ದಾರೀಲಿ ಹೊಂಗೆ ಮರ ಚಿಗುರಿದ್ದು ನೋಡಿ ನೀನು ನೆನಪಾದೆ. ಉತ್ತರ ಬರೀಬೇಕಿಲ್ಲ.’ ಕೊನೆಯ ಆ ಎರಡು ಪದ ಬಿಟ್ಟರೆ ಸಂದೇಶ ಸಾಲವಾಗುತ್ತದೆ. ತೀರಿಸಲಾಗದ ಸಾಲ ಬೆಳೆದಷ್ಟೂ ಅವರು ದೂರ ಹೋಗುತ್ತಾರೆ.

ಬಹಳ ದಿನ ಕಾಣದೆ ಹೋದವರು ಮರಳಿ ಬಂದಾಗ ‘ಏನಪ್ಪಾ, ಇಷ್ಟು ದಿನ ಎಲ್ಲಿ ಮಾಯವಾಗಿದ್ದೆ!’ ಅನ್ನಬೇಡಿ. ಮೊನ್ನೆಯಷ್ಟೇ ಸಿಕ್ಕವರ ಹಾಗೆ ಪಕ್ಕದಲ್ಲಿ ಜಾಗ ಮಾಡಿಕೊಡಿ. ವಿವರಣೆ ಕೊಡಬೇಕಾಗುತ್ತದೆ ಎಂಬ ಅಂಜಿಕೆಯಲ್ಲೇ ಎಷ್ಟೋ ಜನ ಇನ್ನೊಂದು ವಾರ, ಇನ್ನೊಂದು ವಾರ ಅಂತ ಮುಂದೂಡಿರುತ್ತಾರೆ.

ಕೇಳುವವರೂ ಸೋಲುತ್ತಾರೆ. ಒಬ್ಬರ ಭಾರವನ್ನು ಒಬ್ಬರೇ ಹೊರುವ ವ್ಯವಸ್ಥೆ ಮೂರ್ನಾಲ್ಕು ತಿಂಗಳಲ್ಲಿ ಕುಸಿಯುತ್ತದೆ, ಕುಸಿದಾಗ ಇಬ್ಬರೂ ಬೀಳುತ್ತಾರೆ. ಅವರ ಒಪ್ಪಿಗೆ ಪಡೆದು ಎರಡನೆಯವರೊಬ್ಬರನ್ನು ಬೇಗ ಸೇರಿಸಿಕೊಳ್ಳಿ. ‘ರಾತ್ರಿ ಹನ್ನೊಂದರ ನಂತರ ನಾನು ಮಲಗಿರ್ತೀನಿ, ಆ ಹೊತ್ತಿನಲ್ಲಿ ಕಷ್ಟ ಆದ್ರೆ ಈ ಸಂಖ್ಯೆ’ ಅಂತ ಮೊದಲೇ ಹೇಳುವುದು ಕಠೋರತನವಲ್ಲ. ಹೇಳದೆ ಫೋನ್ ಎತ್ತದಿರುವುದು ಕಠೋರ.

ಇನ್ನು ಸಂದೇಶಕ್ಕೆ ಉತ್ತರವೇ ಬಾರದಿದ್ದರೆ? ಒಂದು ವಾರ ಬಿಟ್ಟು ಇನ್ನೊಂದು ಬರೆಯಿರಿ, ಮೊದಲನೆಯದರ ಸುದ್ದಿ ಎತ್ತದೆ. ಅದಕ್ಕೂ ಇಲ್ಲವೆಂದರೆ ಕರೆ ಮಾಡಿ. ಎತ್ತದಿದ್ದರೆ ಅವರ ಮನೆಗೆ ನಡೆದು ಹೋಗುವಷ್ಟು ಹತ್ತಿರ ಇರುವವರು ಯಾರು ಅಂತ ಗೊತ್ತಿರಬೇಕು, ಆ ಹೆಸರು ಮತ್ತು ಸಂಖ್ಯೆಯನ್ನು ಅವರು ಚೆನ್ನಾಗಿದ್ದ ದಿನವೇ ಅವರಿಂದ ಕೇಳಿ ಇಟ್ಟುಕೊಂಡಿರಬೇಕು. ಸಾವಿನ ಮಾತು ಹಿಂದೆ ಬಂದಿದ್ದರೆ ಈ ವಾರದ ಲೆಕ್ಕ ಬೇಡ, ಅವತ್ತೇ ಹೋಗಿ ಬಾಗಿಲು ತಟ್ಟಿ. ತೆರೆದವರು ‘ಏನಿಲ್ಲ, ಮಲಗಿದ್ದೆ’ ಅಂದರೆ ‘ಸರಿ, ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ’ ಅನ್ನಬಹುದು.